ಕ್ಯಾನ್ಸರ್ ಚಿಕಿತ್ಸೆಯ ಆಯ್ಕೆ: ವೈದ್ಯರು ಮತ್ತು ರೋಗಿ ಕೂಡಿ ಕೈಗೊಳ್ಳುವ ನಿರ್ಧಾರ

ಒಂದೇ ವಯಸ್ಸಿನ, ಒಂದೇ ಹಂತದ ಸ್ತನ ಕ್ಯಾನ್ಸರ್ ಇರುವ ಇಬ್ಬರು ಮಹಿಳೆಯರನ್ನು ಊಹಿಸಿಕೊಳ್ಳಬಹುದು. ಒಬ್ಬರ ಮನೆ ಬೆಂಗಳೂರಿನ ಜಯನಗರದಲ್ಲಿ, ಇನ್ನೊಬ್ಬರದು ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಸಾಲಿನಲ್ಲಿ. ವೈದ್ಯರ ಮುಂದೆ ಇಬ್ಬರಿಗೂ ಎರಡು ದಾರಿಗಳಿವೆ. ಗಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸಿ, ಬಳಿಕ ಕೆಲವು ವಾರ ವಿಕಿರಣ ಚಿಕಿತ್ಸೆ ಪಡೆಯುವುದು ಒಂದು. ಇಡೀ ಸ್ತನವನ್ನು ತೆಗೆಸಿಕೊಳ್ಳುವುದು ಇನ್ನೊಂದು. ಜಯನಗರದವರಿಗೆ ಆಸ್ಪತ್ರೆ ಆಟೊ ಹಿಡಿದರೆ ಸಿಗುವಷ್ಟು ಹತ್ತಿರ. ದೊಡ್ಡಬಳ್ಳಾಪುರದವರು ಬೆಳಿಗ್ಗೆ ಮಗ್ಗ ನಿಲ್ಲಿಸಿ ಬಸ್ಸು ಹತ್ತಿ, ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿ, ಸಂಜೆಗೆ ಮರಳಬೇಕು. ಇಬ್ಬರೂ ಬೇರೆ ಬೇರೆ ದಾರಿ ಆರಿಸಿಕೊಂಡರೆ ಅಚ್ಚರಿಯಿಲ್ಲ. ಎರಡು ನಿರ್ಧಾರಗಳೂ ವೈದ್ಯಶಾಸ್ತ್ರದ ದೃಷ್ಟಿಯಿಂದ ಸರಿಯಾಗಿರಬಲ್ಲವು.

ತಪ್ಪಾಗುವುದು ಇನ್ನೊಂದು ದಾರಿಯಿದೆ ಎಂಬ ಸಂಗತಿಯೇ ರೋಗಿಗೆ ತಿಳಿಯದೆ ಹೋದಾಗ. ರೋಗಿ ಪ್ರತಿದಿನ ಎಲ್ಲಿಂದ ಬರಬೇಕು ಎಂಬುದು ವೈದ್ಯರಿಗೆ ತಿಳಿಯದೆ ಹೋದಾಗಲೂ ಅಷ್ಟೇ. ಈ ಎರಡು ಅರಿವುಗಳನ್ನು ಒಂದೆಡೆ ತರುವ ಕ್ರಮಕ್ಕೆ ‘ಸಹನಿರ್ಧಾರ’ ಎನ್ನಬಹುದು.

ಸಹನಿರ್ಧಾರ ಎಂದರೇನು?

ರೋಗದ ಸ್ವರೂಪ, ಚಿಕಿತ್ಸೆಯ ಫಲ ಹಾಗೂ ಅಪಾಯಗಳ ಬಗ್ಗೆ ವೈದ್ಯರು ತಿಳಿದವರು. ತನ್ನ ದುಡಿಮೆ, ಮನೆ, ಭಯ, ಹಣಕಾಸು, ಯಾವುದನ್ನು ಕಳೆದುಕೊಳ್ಳಲು ಸಿದ್ಧ, ಯಾವುದನ್ನು ಬಿಡಲಾರೆ ಎಂಬುದರ ಬಗ್ಗೆ ರೋಗಿಯೇ ತಿಳಿದವರು. ಈ ಇಬ್ಬರೂ ತಮ್ಮ ತಮ್ಮ ತಿಳಿವಳಿಕೆಯನ್ನು ಮುಂದಿಟ್ಟು, ಒಮ್ಮತದಿಂದ ಚಿಕಿತ್ಸೆಯನ್ನು ಗೊತ್ತುಮಾಡಿಕೊಳ್ಳುವುದೇ ಸಹನಿರ್ಧಾರ.

ಈ ಚಿಂತನೆ ತೀರ ಹಳೆಯದಲ್ಲ. ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ವೈದ್ಯಕೀಯ ನೀತಿ ಆಯೋಗವೊಂದು 1982ರ ವರದಿಯಲ್ಲಿ ಇದನ್ನು ಪ್ರತಿಪಾದಿಸಿತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾಥಿ ಚಾರ್ಲ್ಸ್, ಅಮಿರಾಮ್ ಗಾಫ್ನಿ ಮತ್ತು ಟಿಮ್ ವೀಲನ್ ಅವರು 1997ರಲ್ಲಿ ಅದಕ್ಕೆ ಸ್ಪಷ್ಟ ರೂಪ ನೀಡಿದರು. ಕನಿಷ್ಠ ಇಬ್ಬರು ಭಾಗವಹಿಸಬೇಕು, ಇಬ್ಬರೂ ಮಾಹಿತಿ ಹಂಚಿಕೊಳ್ಳಬೇಕು, ಇಬ್ಬರೂ ಒಮ್ಮತಕ್ಕೆ ಬರಲು ಯತ್ನಿಸಬೇಕು, ಕೊನೆಗೆ ಇಬ್ಬರೂ ಒಪ್ಪಿದ ಚಿಕಿತ್ಸೆ ನಡೆಯಬೇಕು ಎಂಬುದು ಅವರ ವಿವರಣೆಯ ಸಾರ. ಗ್ಲಿನ್ ಎಲ್ವಿನ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಮೂರು ಹೆಜ್ಜೆಗಳಾಗಿ ಸರಳಗೊಳಿಸಿದರು. ಆಯ್ಕೆ ಇದೆ ಎಂದು ತಿಳಿಸುವುದು ಮೊದಲನೆಯದು, ಆಯ್ಕೆಗಳನ್ನು ವಿವರಿಸುವುದು ಎರಡನೆಯದು, ರೋಗಿಯ ಇಷ್ಟಾನಿಷ್ಟಗಳನ್ನು ತೂಗಿ ನಿರ್ಧರಿಸುವುದು ಮೂರನೆಯದು.

ಇದರ ಅರ್ಥ ಎಲ್ಲವನ್ನೂ ರೋಗಿಯ ತಲೆಗೆ ಕಟ್ಟುವುದೆಂದಲ್ಲ. ‘ಇವೆರಡರಲ್ಲಿ ಯಾವುದು ಬೇಕೋ ನೀವೇ ಹೇಳಿ’ ಎಂದು ಕೈತೊಳೆದುಕೊಳ್ಳುವ ವೈದ್ಯರು ನಿರ್ಧಾರವನ್ನು ಹಂಚಿಕೊಂಡಂತಾಗುವುದಿಲ್ಲ. ರೋಗಿಯು ಎಲ್ಲವನ್ನೂ ಕೇಳಿ ತಿಳಿದ ಮೇಲೆ ‘ನಿಮಗೆ ಸರಿಯೆನಿಸಿದ್ದನ್ನು ಮಾಡಿ’ ಎನ್ನಬಹುದು. ಆ ಮಾತೂ ಒಂದು ನಿರ್ಧಾರವೇ. ಆದರೆ ಅದು ಕೇಳಿದ ಮೇಲೆ ಬರಬೇಕಾದ ಮಾತು, ಕೇಳುವ ಮೊದಲೇ ಊಹಿಸಿಕೊಳ್ಳಬೇಕಾದದ್ದಲ್ಲ.

ಆಯ್ಕೆಗಳನ್ನು ಸರಳವಾಗಿ ವಿವರಿಸುವ ಕೈಪಿಡಿ, ಚಿತ್ರಪಟ, ದೃಶ್ಯಸುರುಳಿಗಳ ಬಗ್ಗೆ 2024ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ 209 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಅವುಗಳಲ್ಲಿ ಭಾಗವಹಿಸಿದ್ದವರ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು. ಇಂತಹ ನೆರವು ಪಡೆದವರಿಗೆ ರೋಗ ಮತ್ತು ಅಪಾಯಗಳ ಅರಿವು ಹೆಚ್ಚಾಗಿತ್ತು. ಅವರ ಆಯ್ಕೆ ಅವರ ಮನಸ್ಸಿಗೆ ಹೆಚ್ಚು ಹೊಂದಿಕೆಯಾಗಿತ್ತು.

ನಾಲ್ಕು ತಾಲ್ಲೂಕು, ಒಂದೇ ದಾರಿ

1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರ ಪ್ರತ್ಯೇಕವಾದ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ನೆಲಮಂಗಲ ಮತ್ತು ಹೊಸಕೋಟೆ ರಾಜಧಾನಿಯಿಂದ 30 ಕಿ.ಮೀ. ಒಳಗಿವೆ. ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ 40 ಕಿ.ಮೀ. ಆಸುಪಾಸಿನಲ್ಲಿವೆ. ಇಷ್ಟು ಹತ್ತಿರವಿರುವ ಕಾರಣ ಇಲ್ಲಿನವರಿಗೆ ಕ್ಯಾನ್ಸರ್ ಚಿಕಿತ್ಸೆ ಸುಲಭವಾಗಿ ಸಿಗುತ್ತದೆ ಎಂದು ಭಾವಿಸುವವರು ಹೆಚ್ಚು. ಭೂಪಟದ ಮೇಲೆ ಅದು ನಿಜವೂ ಹೌದು.

ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಗರದ ದಕ್ಷಿಣ ಭಾಗದಲ್ಲಿ, ಹೊಸೂರು ರಸ್ತೆಯ ಕಡೆ, ನಿಮ್ಹಾನ್ಸ್‌ನ ನೆರೆಯಲ್ಲಿದೆ. ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಸಂಸ್ಥೆ ಆರಂಭವಾದುದು 1973ರಲ್ಲಿ. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಮಾನ್ಯತೆಯನ್ನೂ ಪಡೆಯಿತು. ತುಮಕೂರು ರಸ್ತೆಯಿಂದಲೋ ಬಳ್ಳಾರಿ ರಸ್ತೆಯಿಂದಲೋ ಬರುವವರು ಇಡೀ ನಗರವನ್ನು ದಾಟಿಯೇ ಅಲ್ಲಿಗೆ ತಲುಪಬೇಕು. ತಿಂಗಳಿಗೊಮ್ಮೆಯಾದರೆ ಇದು ಪ್ರಯಾಸವಷ್ಟೇ. ವಾರದಲ್ಲಿ ಐದು ದಿನ, ಐದು ವಾರ ಎಂದಾಗ ಅದೇ ಚಿಕಿತ್ಸೆಯ ಭಾಗವಾಗುತ್ತದೆ.

ಹಳ್ಳಿಗಳಲ್ಲಿ ‘ಕರೆಂಟ್ ಕೊಡುವುದು’ ಎಂದೇ ಕರೆಯುವ ವಿಕಿರಣ ಚಿಕಿತ್ಸೆಯ ಸ್ವಭಾವವೇ ಹಾಗೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಐದು ವಾರಗಳ ಹೊರಗಿನ ವಿಕಿರಣ, ಅದರೊಡನೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧ, ಅನಂತರ ಒಳಗಿನಿಂದ ನೀಡುವ ವಿಕಿರಣ ಇರುತ್ತವೆ. ಒಟ್ಟು ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ರೋಗ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ. ಬಸ್ಸಿನ ಪ್ರಯಾಣವನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಅತ್ಯುತ್ತಮ ಯೋಜನೆಯೂ ಮೂರನೆಯ ವಾರದಲ್ಲಿ ಮುರಿದುಬೀಳಬಹುದು. ಆದ್ದರಿಂದ ‘ದಿನವೂ ಹೇಗೆ ಬರುತ್ತೀರಿ?’ ಎಂಬ ಪ್ರಶ್ನೆ ಕುಶಲೋಪಚಾರದ ಮಾತಲ್ಲ. ಆಸ್ಪತ್ರೆಯ ಬಳಿ ಧರ್ಮಶಾಲೆಯಲ್ಲಿ ತಂಗಬೇಕೇ, ದಿನವೂ ಹೋಗಿಬರಬೇಕೇ, ಮನೆಯಲ್ಲಿ ದನಕರುಗಳನ್ನೂ ಮಕ್ಕಳನ್ನೂ ಯಾರು ನೋಡಿಕೊಳ್ಳಬೇಕು ಎಂಬುದು ಚಿಕಿತ್ಸೆ ಆರಂಭಿಸುವ ಮೊದಲೇ ತೀರ್ಮಾನವಾಗಬೇಕು.

ಆಯ್ಕೆ ಇರುವುದು ಎಲ್ಲಿ?

ಎಲ್ಲ ಕ್ಯಾನ್ಸರ್‌ಗಳಲ್ಲೂ ಆಯ್ಕೆ ಇರುವುದಿಲ್ಲ. ತೀವ್ರ ಸ್ವರೂಪದ ರಕ್ತ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಅಲ್ಲಿ ಚರ್ಚೆ ಚುಟುಕಾಗಿರುತ್ತದೆ. ಆದರೆ ಗಡ್ಡೆಯ ರೂಪದ ಅನೇಕ ಕ್ಯಾನ್ಸರ್‌ಗಳಲ್ಲಿ ಒಂದೆರಡು ವಾರ ಯೋಚಿಸಿ ನಿರ್ಧರಿಸಲು ಅವಕಾಶವಿರುತ್ತದೆ. ‘ನಾಳೆಯೇ ಆಗಬೇಕೇ?’ ಎಂದು ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ.

ಸ್ತನ ಕ್ಯಾನ್ಸರ್: ಆರಂಭದ ಹಂತದಲ್ಲಿ ಸ್ತನ ಉಳಿಸುವ ಶಸ್ತ್ರಕ್ರಿಯೆ ಮತ್ತು ಇಡೀ ಸ್ತನ ತೆಗೆಯುವ ಶಸ್ತ್ರಕ್ರಿಯೆಗಳನ್ನು ಹೋಲಿಸಿದ ಎರಡು ಪ್ರಸಿದ್ಧ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಹೊರಬಂತು. ಇಟಲಿಯ ಉಂಬರ್ಟೊ ವೆರೊನೆಸಿ ಅವರ ಅಧ್ಯಯನದಲ್ಲಿ 701 ಮಹಿಳೆಯರೂ ಅಮೆರಿಕದ ಬರ್ನಾರ್ಡ್ ಫಿಶರ್ ಅವರ ಅಧ್ಯಯನದಲ್ಲಿ 1,851 ಮಹಿಳೆಯರೂ ಇದ್ದರು. ಬದುಕುಳಿದವರ ಪ್ರಮಾಣ ಎರಡೂ ಬಗೆಯಲ್ಲಿ ಒಂದೇ ಆಗಿತ್ತು. ಆದರೆ ಫಿಶರ್ ಅಧ್ಯಯನದಲ್ಲಿ ಗಡ್ಡೆ ಮಾತ್ರ ತೆಗೆಸಿಕೊಂಡು ವಿಕಿರಣ ಪಡೆದವರ ಪೈಕಿ ಶೇ 14.3ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿದರೆ, ವಿಕಿರಣ ಪಡೆಯದವರಲ್ಲಿ ಆ ಪ್ರಮಾಣ ಶೇ 39.2 ಇತ್ತು. ಎಂದರೆ ಸ್ತನ ಉಳಿಸಿಕೊಳ್ಳುವ ನಿರ್ಧಾರವೆಂಬುದು ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಗೆ ಬರುತ್ತೇನೆಂಬ ನಿರ್ಧಾರವೂ ಹೌದು. ಇಡೀ ಸ್ತನ ತೆಗೆಸಿಕೊಂಡರೂ ಕಂಕುಳ ಗ್ರಂಥಿಗಳಿಗೆ ರೋಗ ಹಬ್ಬಿದ್ದರೆ ವಿಕಿರಣ ಬೇಕಾಗಬಹುದು. ಇದನ್ನೂ ಮೊದಲೇ ಕೇಳಿಕೊಳ್ಳಬೇಕು.

ಇಲ್ಲಿ ದೂರದ ಊರಿನವರಿಗೆ ಅನುಕೂಲವಾದ ಬೆಳವಣಿಗೆಯೊಂದಿದೆ. ಹಿಂದೆ ಐದಾರು ವಾರ ನೀಡುತ್ತಿದ್ದ ವಿಕಿರಣವನ್ನು ಈಗ ಅನೇಕರಿಗೆ ಮೂರು ವಾರಗಳಲ್ಲಿ ಮುಗಿಸಲಾಗುತ್ತದೆ. ಬ್ರಿಟನ್ನಿನಲ್ಲಿ 4,096 ರೋಗಿಗಳ ಮೇಲೆ ನಡೆದ ‘ಫಾಸ್ಟ್ ಫಾರ್ವರ್ಡ್’ ಅಧ್ಯಯನದ 2020ರ ವರದಿ, ಒಂದೇ ವಾರದ ಐದು ಸರದಿಗಳು ಐದು ವರ್ಷಗಳ ಅವಧಿಯಲ್ಲಿ ಮೂರು ವಾರದ ಚಿಕಿತ್ಸೆಗಿಂತ ಕೆಳಮಟ್ಟದ್ದಲ್ಲ ಎಂದು ತೋರಿಸಿತು. ಇದು ಎಲ್ಲರಿಗೂ ಹೊಂದುವುದಿಲ್ಲ. ಆದರೆ ‘ನನಗೆ ಕಡಿಮೆ ದಿನಗಳ ಚಿಕಿತ್ಸೆ ಆದೀತೇ?’ ಎಂದು ಕೇಳುವ ಒಂದು ಪ್ರಶ್ನೆಯಿಂದ ದೊಡ್ಡಬಳ್ಳಾಪುರದ ಮಹಿಳೆಯ ಆಯ್ಕೆಯೇ ಬದಲಾಗಬಹುದು.

ಗರ್ಭಕೊರಳಿನ ಕ್ಯಾನ್ಸರ್: ಆರಂಭದ ಹಂತದಲ್ಲಿ ಶಸ್ತ್ರಕ್ರಿಯೆ ಮತ್ತು ವಿಕಿರಣ ಎರಡರಿಂದಲೂ ಬದುಕುಳಿಯುವ ಪ್ರಮಾಣ ಸಮಾನ ಎಂದು 1997ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತಿಳಿಸಿತು. ವ್ಯತ್ಯಾಸವಿರುವುದು ಅಡ್ಡಪರಿಣಾಮಗಳಲ್ಲಿ. ವಯಸ್ಸು ಚಿಕ್ಕದಿದ್ದು ಅಂಡಾಶಯ ಉಳಿಸಿಕೊಳ್ಳಬೇಕೆಂಬ ಇಚ್ಛೆಯಿದ್ದರೆ ಶಸ್ತ್ರಕ್ರಿಯೆಯತ್ತ ಒಲವು ಸಹಜ. ರೋಗ ಮುಂದುವರಿದಾಗ ಮಾತು ಬೇರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೂರನೆಯ ಹಂತದ 850 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಪಡೆದವರ ಪೈಕಿ ಶೇ 54ರಷ್ಟು ಮಂದಿ ಐದು ವರ್ಷ ಬದುಕಿದ್ದರು. ವಿಕಿರಣವೊಂದನ್ನೇ ಪಡೆದವರಲ್ಲಿ ಇದು ಶೇ 46. ನೂರರಲ್ಲಿ ಎಂಟು ಜನರ ಈ ವ್ಯತ್ಯಾಸವನ್ನು ಅಡ್ಡಪರಿಣಾಮಗಳೊಡನೆ ತೂಗಿ ನೋಡಲು ರೋಗಿಗೆ ಅದು ತಿಳಿದಿರಬೇಕು.

ಧ್ವನಿಪೆಟ್ಟಿಗೆಯ ಕ್ಯಾನ್ಸರ್: ಮಾತು ಉಳಿಯಬೇಕೇ ಎಂಬುದೇ ಇಲ್ಲಿನ ಪ್ರಶ್ನೆ. ಅಮೆರಿಕದಲ್ಲಿ 332 ರೋಗಿಗಳ ಮೇಲೆ ನಡೆದ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧ ಮತ್ತು ವಿಕಿರಣದ ದಾರಿ ಹಿಡಿದವರ ಪೈಕಿ ಶೇ 64ರಷ್ಟು ಮಂದಿಯ ಧ್ವನಿಪೆಟ್ಟಿಗೆ ಉಳಿಯಿತು, ಬದುಕುಳಿಯುವ ಪ್ರಮಾಣ ಶಸ್ತ್ರಕ್ರಿಯೆಗೆ ಸಮನಾಗಿತ್ತು. ಶಸ್ತ್ರಕ್ರಿಯೆಯೇ ಅನಿವಾರ್ಯವಾದರೆ ಮಾತು ಮುಗಿಯಿತು ಎಂದೇನಿಲ್ಲ. ಬೆಂಗಳೂರಿನ ಶಸ್ತ್ರತಜ್ಞ ಡಾ. ವಿಶಾಲ್ ರಾವ್ ಅವರು ರೂಪಿಸಿದ ‘ಔಮ್’ ಎಂಬ ಧ್ವನಿ ಸಾಧನ ಅತಿ ಕಡಿಮೆ ವೆಚ್ಚದ್ದೆಂದು ಹೆಸರಾಗಿದೆ. ಸಂತೆಯಲ್ಲಿ ಕೂಗಿ ವ್ಯಾಪಾರ ಮಾಡುವವರಿಗೂ ಪಾಠ ಹೇಳುವ ಶಿಕ್ಷಕರಿಗೂ ಧ್ವನಿಯ ಬೆಲೆ ಬೇರೆ. ಅದನ್ನು ಅಳೆಯುವ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಬಾಯಿ, ಗಂಟಲಿನ ಮುಂದುವರಿದ ಕ್ಯಾನ್ಸರ್: ಗುಣವಾಗದ ಹಂತ ತಲುಪಿದ ರೋಗಿಗಳಿಗೆ ರಕ್ತನಾಳದ ಮೂಲಕ ಸಿಸ್‌ಪ್ಲಾಟಿನ್ ನೀಡುವುದನ್ನೂ ಮನೆಯಲ್ಲೇ ನುಂಗಬಹುದಾದ ಅಗ್ಗದ ಮಾತ್ರೆಗಳನ್ನೂ ಟಾಟಾ ಆಸ್ಪತ್ರೆ 422 ಮಂದಿಯಲ್ಲಿ ಹೋಲಿಸಿತು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಮಾತ್ರೆ ಪಡೆದವರ ಮಧ್ಯಮಾಂಕ ಜೀವಿತಾವಧಿ 7.5 ತಿಂಗಳು, ಇನ್ನೊಂದು ಗುಂಪಿನದು 6.1 ತಿಂಗಳು. ದುಬಾರಿಯಾದುದೇ ಉತ್ತಮ, ಆಸ್ಪತ್ರೆಗೆ ದಾಖಲಾದರೇ ಚಿಕಿತ್ಸೆ ಎಂಬ ನಂಬಿಕೆ ಯಾವಾಗಲೂ ನಿಜವಲ್ಲ ಎಂಬುದಕ್ಕೆ ಇದು ನಿದರ್ಶನ.

ಕೈಬೆರಳು ಮತ್ತು ದುಡಿಮೆ

ಕೆಲವು ಸಂಗತಿಗಳು ರೋಗಿ ಹೇಳದ ಹೊರತು ವೈದ್ಯರಿಗೆ ತಿಳಿಯುವುದಿಲ್ಲ. ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಅನೇಕರಲ್ಲಿ ಬೆರಳ ತುದಿಗಳನ್ನು ಜೋಮು ಹಿಡಿಸುತ್ತದೆ. ಕೆಲವರಲ್ಲಿ ಅದು ಬಹುಕಾಲ ಉಳಿಯುತ್ತದೆ. ಮಗ್ಗದಲ್ಲಿ ಕಡಿದ ಎಳೆಯನ್ನು ಗಂಟು ಹಾಕುವವರಿಗೆ, ಹೂ ಕಟ್ಟುವವರಿಗೆ ಇದು ದುಡಿಮೆಯ ಪ್ರಶ್ನೆ. ಕಂಕುಳ ಗ್ರಂಥಿಗಳನ್ನೆಲ್ಲ ತೆಗೆದಾಗ ತೋಳು ಬಾತುಕೊಳ್ಳುವ ಸಂಭವವಿದೆ. ಹಾಲು ಕರೆದು ಡೇರಿಗೆ ಹಾಕುವ, ಹುಲ್ಲಿನ ಹೊರೆ ಹೊರುವ ಮಹಿಳೆಗೆ ಅದು ಅಡ್ಡಿಯಾಗುತ್ತದೆ. ಮೊದಲು ಒಂದೆರಡು ಗ್ರಂಥಿಗಳನ್ನಷ್ಟೇ ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಮುಂದುವರಿಯುವ ವಿಧಾನ ಕೆಲವರಿಗೆ ಸಾಧ್ಯ. ಔಷಧದ ಪ್ರಮಾಣ, ಅಂತರ ಅಥವಾ ಔಷಧವನ್ನೇ ಬದಲಿಸುವ ಅವಕಾಶವೂ ಕೆಲವೊಮ್ಮೆ ಇರುತ್ತದೆ. ಮಕ್ಕಳಾಗಬೇಕೆಂಬ ಬಯಕೆ ಇರುವವರು ಕೀಮೊಥೆರಪಿ ಆರಂಭಿಸುವ ಮೊದಲೇ ಆ ಮಾತು ಎತ್ತಬೇಕು. ಅಂಡಾಣು, ವೀರ್ಯಾಣುಗಳನ್ನು ಕಾದಿಡುವ ಅವಕಾಶ ಬಳಿಕ ಕೈತಪ್ಪಬಹುದು.

ನಾಟಿ ಔಷಧದ ವಿಚಾರವೂ ಹಾಗೆಯೇ. ಬೈಸಿಕೊಳ್ಳಬೇಕಾದೀತೆಂಬ ಭಯದಿಂದ ರೋಗಿಗಳು ಅದನ್ನು ಮುಚ್ಚಿಡುವುದುಂಟು. ಗುಣಪಡಿಸಬಹುದಾದ ಕ್ಯಾನ್ಸರ್‌ಗೆ ಪರ್ಯಾಯ ಔಷಧವನ್ನೇ ನಂಬಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತೆಂದು ಅಮೆರಿಕದ 2018ರ ಅಧ್ಯಯನ ಕಂಡುಕೊಂಡಿತು. ಈ ಮಾಹಿತಿಯನ್ನು ಗದರದೆ ಹೇಳಿದರೆ ಮಾತ್ರ ರೋಗಿ ಮುಂದಿನ ಸಲವೂ ಬಂದಾರು.

ಕುಟುಂಬದ ಪ್ರೀತಿ, ರೋಗಿಯ ಮೌನ

ಪಾಶ್ಚಾತ್ಯ ದೇಶಗಳ ವಿವರಣೆಯಲ್ಲಿ ಇಬ್ಬರು ಮಾತ್ರ ಇದ್ದರೆ, ಇಲ್ಲಿನ ವೈದ್ಯರ ಕೊಠಡಿಯಲ್ಲಿ ಮೂರನೆಯವರು ಇದ್ದೇ ಇರುತ್ತಾರೆ. ಮಗ, ಅಳಿಯ, ಅಣ್ಣ, ಕೆಲವೊಮ್ಮೆ ಊರಿನ ಹಿರಿಯರು. ‘ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳುವುದಿಲ್ಲ’ ಎಂಬ ಮಾತು ಕ್ಯಾನ್ಸರ್ ವಿಭಾಗಗಳಲ್ಲಿ ಹೊಸದಲ್ಲ. ವರದಿ ಮಗನ ಕೈಯಲ್ಲಿರುತ್ತದೆ. ತಾಯಿಗೆ ‘ಗಡ್ಡೆ, ತೆಗೆದರೆ ಸರಿಹೋಗುತ್ತದೆ’ ಎಂದು ಹೇಳಲಾಗಿರುತ್ತದೆ.

ಇದರ ಹಿಂದೆ ಇರುವುದು ಪ್ರೀತಿಯೇ. ಆದರೆ ಪರಿಣಾಮ ಬೇರೆ. ಕಾಯಿಲೆಯ ಹೆಸರು ತಿಳಿಯದವರು ಕೂದಲು ಉದುರುವ ಔಷಧವನ್ನು ಆರು ಸಲ ಯಾಕೆ ಪಡೆಯಬೇಕೆಂದು ಅರಿಯಲಾರರು, ಸ್ವಲ್ಪ ನೆಮ್ಮದಿ ಕಂಡೊಡನೆ ಬರುವುದನ್ನು ನಿಲ್ಲಿಸಿಬಿಡಬಹುದು. ಆಸ್ಪತ್ರೆಯ ಫಲಕ, ಪಕ್ಕದ ಮಂಚದವರ ಮಾತು, ಬಂಧುಗಳ ಕಣ್ಣೀರಿನಿಂದ ಎಷ್ಟೋ ರೋಗಿಗಳು ಸತ್ಯವನ್ನು ಊಹಿಸಿಯೇ ಇರುತ್ತಾರೆ. ಮನೆಯವರು ರೋಗಿಗಾಗಿ, ರೋಗಿ ಮನೆಯವರಿಗಾಗಿ ನಟಿಸುತ್ತಾ ಹೋಗುತ್ತಾರೆ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಂತೋಷ್ ಕೆ. ಚತುರ್ವೇದಿ ಹಾಗೂ ಡಾ. ಪ್ರಭಾ ಎಸ್. ಚಂದ್ರ ಅವರು ಕೆನಡಾದ ಸಂಶೋಧಕಿಯೊಡನೆ 2009ರಲ್ಲಿ ಬರೆದ ಲೇಖನದಲ್ಲಿ ಬಂಧುಗಳು ಮತ್ತು ವೈದ್ಯರ ನಡುವಿನ ಈ ಗುಟ್ಟಿನ ಒಪ್ಪಂದವನ್ನು ಚರ್ಚಿಸಿದ್ದಾರೆ.

ಇದಕ್ಕೆ ಪರಿಹಾರ ಕುಟುಂಬವನ್ನು ಹೊರಗಿಡುವುದಲ್ಲ, ರೋಗಿಯನ್ನು ಒಳಗೆ ಕರೆಯುವುದು. ಕಹಿ ಸುದ್ದಿ ತಿಳಿಸಲು 2000ದಲ್ಲಿ ರೂಪಿಸಲಾದ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮದಲ್ಲಿ, ರೋಗಿಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಲು ಬಯಸುತ್ತಾರೆ ಎಂದು ಮೊದಲು ಕೇಳಲಾಗುತ್ತದೆ. ‘ಎಲ್ಲವನ್ನೂ ನಿಮಗೇ ಹೇಳಲೇ, ಮನೆಯವರಿಗೆ ಹೇಳಿದರೆ ಸಾಕೇ?’ ಎಂಬ ಪ್ರಶ್ನೆಗೆ ‘ಮಗನಿಗೆ ಹೇಳಿ ಸ್ವಾಮಿ’ ಎಂದು ರೋಗಿಯೇ ಉತ್ತರಿಸಿದರೆ ಅದನ್ನು ಗೌರವಿಸಬೇಕು. ಆ ಪ್ರಶ್ನೆಯನ್ನೇ ಕೇಳದಿರುವುದು ಸರಿಯಲ್ಲ.

ಕಾನೂನು ಏನು ಹೇಳುತ್ತದೆ?

ಸಮ್ಮತಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ನೀಡಿದ ತೀರ್ಪು ದಾರಿದೀಪ. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅದನ್ನು ಬರೆದರು. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ 44 ವರ್ಷದ ಮಹಿಳೆಯ ಗರ್ಭಕೋಶ ಹಾಗೂ ಅಂಡಾಶಯಗಳನ್ನು, ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ವಯಸ್ಕ ರೋಗಿಯ ಪರವಾಗಿ ತಾಯಿ ಒಪ್ಪಿಗೆ ನೀಡುವಂತಿಲ್ಲ, ತಪಾಸಣೆಗೆ ಕೊಟ್ಟ ಸಮ್ಮತಿ ಚಿಕಿತ್ಸೆಗೆ ಕೊಟ್ಟ ಸಮ್ಮತಿಯಲ್ಲ ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಫಲ, ಅಪಾಯ, ಇತರ ದಾರಿಗಳು, ಚಿಕಿತ್ಸೆ ನಿರಾಕರಿಸಿದರೆ ಆಗುವ ಪರಿಣಾಮ ಇವನ್ನು ತಿಳಿಸಿ ಪಡೆದುದೇ ನೈಜ ಸಮ್ಮತಿ. ತಡಮಾಡಿದರೆ ಪ್ರಾಣಕ್ಕೆ ಕುತ್ತು ಎಂಬಂಥ ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ.

ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿ, ರೋಗದ ಗಂಭೀರತೆಯನ್ನು ಹಿಗ್ಗಿಸಲೂಬಾರದು ಕುಗ್ಗಿಸಲೂಬಾರದು ಎನ್ನುತ್ತದೆ. ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ನೀಡಬೇಕೆಂಬುದೂ ಅದರಲ್ಲಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಪತ್ರ ಸೇರಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ 17 ಹಕ್ಕುಗಳ ಪಟ್ಟಿಯಲ್ಲಿ ಮಾಹಿತಿ ಪಡೆಯುವ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕುಗಳಿವೆ. ಹೀಗಿದ್ದೂ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಸಮ್ಮತಿ ಪಡೆದಂತಾಯಿತೆಂಬ ಭಾವನೆ ಉಳಿದುಬಂದಿದೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವಂತೆ ಕೇಳುವುದು ರೋಗಿಯ ಹಕ್ಕು.

ಹಣದ ಲೆಕ್ಕ ಮರೆಮಾಡಬೇಕಿಲ್ಲ

ವೆಚ್ಚದ ಮಾತು ಎತ್ತುವುದು ಅಗೌರವವೆಂದು ರೋಗಿಗಳೂ, ರೋಗಿಗೆ ನೋವಾದೀತೆಂದು ವೈದ್ಯರೂ ಸುಮ್ಮನಿರುವುದುಂಟು. ಅರ್ಧದಲ್ಲಿ ಹಣ ಮುಗಿದು ನಿಲ್ಲುವ ಚಿಕಿತ್ಸೆಗಿಂತ, ಮೊದಲೇ ಲೆಕ್ಕ ಹಾಕಿ ಪೂರ್ಣಗೊಳಿಸುವ ಚಿಕಿತ್ಸೆ ಮೇಲು. 2018ರಲ್ಲಿ ಆರಂಭವಾಗಿ ಆಯುಷ್ಮಾನ್ ಭಾರತದೊಡನೆ ಒಂದಾದ ಆರೋಗ್ಯ ಕರ್ನಾಟಕ ಯೋಜನೆಯಡಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ಯೋಜನೆಯ ದರದ ಶೇ 30ರಷ್ಟನ್ನು 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಭರಿಸುವಂತೆ ಯೋಜನೆಯನ್ನು ರೂಪಿಸಲಾಯಿತು. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇದನ್ನು ವಿಚಾರಿಸಿಕೊಳ್ಳುವುದು ಲೇಸು.

2023ರ ಜೂನ್ 11ರಿಂದ ಜಾರಿಯಾದ ‘ಶಕ್ತಿ’ ಯೋಜನೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣವೆಚ್ಚವನ್ನು ಇಲ್ಲವಾಗಿಸಿತು. ಆದರೆ ಜೊತೆಗೆ ಬರುವ ಗಂಡನ ಅಥವಾ ಮಗನ ದಿನಗೂಲಿ ನಷ್ಟವಾಗುವುದು ತಪ್ಪುವುದಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಕಡೆ ಹಗಲು ಆರೈಕೆಯ ಕೀಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ದೊಡ್ಡ ಆಸ್ಪತ್ರೆಯಲ್ಲಿ ಯೋಜನೆ ನಿರ್ಧಾರವಾದ ಬಳಿಕ ಔಷಧವನ್ನು ಮನೆಗೆ ಹತ್ತಿರವಾದ ಕಡೆ ಪಡೆಯುವುದು ಇದರ ಉದ್ದೇಶ. ‘ಮುಂದಿನ ಸರದಿಗಳನ್ನು ಹತ್ತಿರದಲ್ಲಿ ಪಡೆಯಬಹುದೇ?’ ಎಂಬುದೂ ಈಗ ಕೇಳಬೇಕಾದ ಪ್ರಶ್ನೆ.

ವೈದ್ಯರ ಇಕ್ಕಟ್ಟು

ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಹೊಸ ಪ್ರಕರಣಗಳಿದ್ದವು. ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆದಿರುವಾಗ ಪ್ರತಿಯೊಬ್ಬರಿಗೂ ಅರ್ಧ ಗಂಟೆ ಕೊಡುವುದು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಕಷ್ಟ. ಈ ಕೊರತೆಯನ್ನು ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ಶುಶ್ರೂಷಕಿಯರು, ಊರಿನಲ್ಲಿ ಆಶಾ ಕಾರ್ಯಕರ್ತೆಯರು ಕೊಂಚ ತುಂಬಬಲ್ಲರು. ಸಂವಹನವನ್ನು ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾಗಿ ಕಲಿಸುವ ಕ್ರಮ 2019ರಿಂದ ಎಂಬಿಬಿಎಸ್ ಪಠ್ಯಕ್ರಮದ ಭಾಗವಾಗಿದೆ.

ಅಂಕಿಗಳನ್ನು ಹೇಳುವ ರೀತಿಯಲ್ಲೂ ಎಚ್ಚರ ಬೇಕು. ಮರುಕಳಿಸುವ ಅಪಾಯ ನೂರರಲ್ಲಿ ಆರು ಜನರಿಂದ ನಾಲ್ಕಕ್ಕೆ ಇಳಿದರೆ ಅದನ್ನು ‘ಶೇ 33ರಷ್ಟು ಕಡಿಮೆ’ ಎಂದೂ ಹೇಳಬಹುದು, ‘ನೂರರಲ್ಲಿ ಇಬ್ಬರಿಗೆ ಉಪಯೋಗ’ ಎಂದೂ ಹೇಳಬಹುದು. ಎರಡೂ ನಿಜ. ಆದರೆ ಆರು ತಿಂಗಳ ಕಷ್ಟದ ಔಷಧ ಬೇಕೇ ಬೇಡವೇ ಎಂದು ಯೋಚಿಸುವವರಿಗೆ ಎರಡನೆಯದೇ ಹೆಚ್ಚು ಅರ್ಥವಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ವೈದ್ಯರನ್ನು ಕಾಣುವ ಮೊದಲು ಕೆಳಗಿನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉಪಯುಕ್ತ.

* ಯಾವ ಕ್ಯಾನ್ಸರ್, ಎಷ್ಟನೆಯ ಹಂತ?
* ಚಿಕಿತ್ಸೆಯ ಗುರಿ ಗುಣಪಡಿಸುವುದೇ, ಆಯುಸ್ಸು ಹೆಚ್ಚಿಸುವುದೇ, ನೋವು ಕಡಿಮೆ ಮಾಡುವುದೇ?
* ಎಷ್ಟು ದಾರಿಗಳಿವೆ? ಚಿಕಿತ್ಸೆ ಪಡೆಯದಿದ್ದರೆ ಏನಾಗುತ್ತದೆ?
* ಪ್ರತಿಯೊಂದರಿಂದ ನೂರರಲ್ಲಿ ಎಷ್ಟು ಜನರಿಗೆ ಉಪಯೋಗ, ಎಷ್ಟು ಜನರಿಗೆ ತೊಂದರೆ?
* ಎಷ್ಟು ಸಲ ಬರಬೇಕು? ದಿನಗಳನ್ನು ಕಡಿಮೆ ಮಾಡಬಹುದೇ?
* ದುಡಿಮೆಗೆ ಯಾವಾಗ ಮರಳಬಹುದು?
* ಒಟ್ಟು ವೆಚ್ಚವೆಷ್ಟು, ಯೋಜನೆಯಡಿ ಎಷ್ಟು ಸಿಗುತ್ತದೆ?
* ನಿರ್ಧರಿಸಲು ಎಷ್ಟು ದಿನ ಸಮಯವಿದೆ?

ಕೊನೆಯಲ್ಲಿ, ವೈದ್ಯರು ಹೇಳಿದ್ದನ್ನು ರೋಗಿ ತನ್ನದೇ ಮಾತಿನಲ್ಲಿ ಮತ್ತೆ ಹೇಳಿ ತೋರಿಸಿದರೆ, ತಪ್ಪು ತಿಳಿದುಕೊಂಡದ್ದು ಅಲ್ಲಿಯೇ ಸರಿಹೋಗುತ್ತದೆ.

ಸಾಕು ಎನ್ನುವ ನಿರ್ಧಾರ

ರೋಗ ಗುಣವಾಗದ ಹಂತಕ್ಕೆ ಬಂದಾಗ ‘ಇನ್ನು ಕೀಮೊ ಬೇಡ’ ಎನ್ನುವುದೂ ಒಂದು ನಿರ್ಧಾರವೇ. ಉಪಶಾಮಕ ಆರೈಕೆ ಎಂದರೆ ಕೈಬಿಡುವುದಲ್ಲ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರ ಮಧ್ಯಮಾಂಕ ಜೀವಿತಾವಧಿ 11.6 ತಿಂಗಳಿತ್ತು. ಕೇವಲ ರೂಢಿಯ ಚಿಕಿತ್ಸೆ ಪಡೆದವರದು 8.9 ತಿಂಗಳು. ಅವರ ಕೊನೆಯ ದಿನಗಳಲ್ಲಿ ಕಠಿಣ ಚಿಕಿತ್ಸೆ ಕಡಿಮೆಯಿತ್ತು, ನೆಮ್ಮದಿ ಹೆಚ್ಚಿತ್ತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ನಡೆಸುವ, ಮಾರತ್‌ಹಳ್ಳಿ ಬಳಿಯ ‘ಕರುಣಾಶ್ರಯ’ 1999ರಿಂದ ಇಂತಹ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಕೃತಕ ಉಸಿರಾಟದಂತಹ ಜೀವಾಧಾರ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಯಾವ ಹಂತದಲ್ಲೇ ಆಗಲಿ, ನಿರ್ಧಾರ ಒಮ್ಮೆ ಆದ ಮೇಲೆ ಬದಲಿಸಬಾರದೆಂದೇನಿಲ್ಲ. ಎರಡು ಸರದಿಯ ಔಷಧದ ಬಳಿಕ ಬೆರಳು ಜೋಮು ಹಿಡಿದರೆ, ಮನೆಯ ಪರಿಸ್ಥಿತಿ ಬದಲಾದರೆ, ಮನಸ್ಸು ಬದಲಾದರೆ ಮತ್ತೆ ಮಾತನಾಡಬಹುದು. ಚಿಕಿತ್ಸೆಯನ್ನು ಹೇಳದೆ ಬಿಟ್ಟು ಊರಿನಲ್ಲಿ ಉಳಿಯುವ ಬದಲು, ವೈದ್ಯರ ಮುಂದೆ ಬಂದು ‘ಇದು ನನ್ನಿಂದ ಆಗುತ್ತಿಲ್ಲ, ಬೇರೆ ದಾರಿ ಇದೆಯೇ?’ ಎಂದು ಕೇಳುವ ರೋಗಿಗೆ ಇನ್ನೊಂದು ದಾರಿ ಸಿಗುವ ಸಾಧ್ಯತೆ ಹೆಚ್ಚು.